ಯಾಲಾಲಿನ ಕೆಂಪು ಅಂಗಿ

ವಾಡಿಯಿಂದ ಸಿಕಂದರಾಬಾದಿನತ್ತ ಹೊರಟ ರೈಲು ಚಿತ್ತಾಪುರ, ಮಳಖೇಡ ರೋಡ್, ಸೇಡಂ, ಕುರುಗುಂಟಾ ಎಂದು ಒಂದೊಂದೇ ಸ್ಟೇಷನ್ ದಾಟುವಾಗ ಕರ್ನಾಟಕ ಎಲ್ಲಿ ಮುಗಿಯಿತು ಎಂದು ಕಿಟಕಿಯಲ್ಲಿ ಕೂತು ಹೇಳಲಾಗದು. ಅದೇ ಎರೆಮಣ್ಣು, ತೊಗರಿ ಕೊಯ್ದ ಮೇಲೆ ಬಿರುಕುಬಿಟ್ಟ ಅದೇ ಹೊಲ, ಹಾಸುಗಲ್ಲು ತೆಗೆದು ಹಾಗೆಯೇ ಬಿಟ್ಟ ಅದೇ ಖಣಿಗಳು. ನವಾಂದಗಿಯ ಹೊತ್ತಿಗೆ ಗೋಡೆಬರಹಗಳು ತೆಲುಗಿನಲ್ಲಿದ್ದವು. ಎದುರು ಸೀಟಿನ ಹೆಂಗಸು ಮಾತ್ರ ಮಗಳ ಜೊತೆ ಆಡುತ್ತಿದ್ದ ಕನ್ನಡ ನಿಲ್ಲಿಸಲಿಲ್ಲ. ತಾಂಡೂರಿನಲ್ಲಿ ಇಳಿದು, ಗಂಟನ್ನು ತಲೆಯ ಮೇಲಿಟ್ಟುಕೊಂಡು, ಅದೇ ಮಾತನ್ನು ಮುಂದುವರಿಸುತ್ತ ಗೇಟಿನಾಚೆ ಹೋದಳು.

2024ರ ಏಪ್ರಿಲ್ ಕೊನೆಯ ವಾರ ಅದು. ನನ್ನ ಊರು ಸಾಗರ. ಅಲ್ಲಿ ಆ ಹೊತ್ತಿಗೆ ಒಂದೆರಡು ಅಡ್ಡಮಳೆ ಬಿದ್ದು, ಅಡಿಕೆ ತೋಟದಲ್ಲಿ ಮಣ್ಣು ತಂಪಾಗಿರುತ್ತದೆ. ಇಲ್ಲಿ ಬೆಳಗಿನ ಒಂಬತ್ತಕ್ಕೇ ರಸ್ತೆ ಕಾದು ಕೂತಿತ್ತು. ಸೇಡಂನ ಗೆಳೆಯನೊಬ್ಬ ಬಹಳ ದಿನದಿಂದ ಕರೆಯುತ್ತಿದ್ದ: ‘ಗಡಿಯಾಚೆ ನಮ್ಮ ಅತ್ತಿ ಮನಿ ಅದ, ಅಲ್ಲಿಯ ಕನ್ನಡ ಒಮ್ಮೆ ಕೇಳು.’ ಆ ಮಾತು ಕೇಳಲೆಂದೇ ಹೊರಟವನು ನಾನು. ಕೇಳಿ ಬಂದದ್ದು ಬೇರೊಂದು ಸಂಗತಿ. ಅದು ಇಂದಿಗೂ ನನ್ನನ್ನು ಬಿಟ್ಟಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ತಾಂಡೂರು ಕಲ್ಲಿನ ಪೇಟೆ. ನೀಲಿ, ಬೂದು, ಹಳದಿ ಪರ್ಸಿಗಳನ್ನು ಕೊಯ್ಯುವ ಯಂತ್ರಗಳ ಸದ್ದು ಊರಿನ ಅಂಚಿನಲ್ಲೆಲ್ಲ ಕೇಳುತ್ತದೆ. ಕಲ್ಲಿನ ಪುಡಿ ಬೇವಿನ ಎಲೆಗಳ ಮೇಲೂ ಕೂತಿರುತ್ತದೆ. ನಮ್ಮ ಕಡೆ ಶಹಾಬಾದ್ ಕಲ್ಲು ಎಂದು ಅಂಗಳಕ್ಕೆ ಹಾಸುವುದಕ್ಕೂ ಇದಕ್ಕೂ ಹತ್ತಿರದ ನಂಟು. ಅಲ್ಲಿಂದ ಗೆಳೆಯನ ಅತ್ತೆಯ ಊರಾದ ಯಾಲಾಲಿಗೆ ಅಟೋ ಹಿಡಿದೆ. ಚಾಲಕ ಹಿಂದೆ ಕೂತ ಅಜ್ಜನ ಜೊತೆ ತೆಲುಗು, ಪಕ್ಕದ ವ್ಯಾಪಾರಿಯ ಜೊತೆ ಉರ್ದು, ನನ್ನ ಜೊತೆ ಕನ್ನಡ ಆಡುತ್ತಿದ್ದ. ಒಂದರಿಂದ ಇನ್ನೊಂದಕ್ಕೆ ದಾಟುವಾಗ ದನಿ ಕೂಡ ಬದಲಾಗುತ್ತಿರಲಿಲ್ಲ.

ದಾರಿಯ ಸುತ್ತಿನ ಸೀಮೆಯೆಲ್ಲ ಕಾಗ್ನಾ ಹೊಳೆಯದು. ವಿಕಾರಾಬಾದಿನ ಕಡೆಯ ಗುಡ್ಡಗಳಲ್ಲಿ ಹುಟ್ಟುವ ಈ ಹೊಳೆ ನಮ್ಮ ರಾಜ್ಯಕ್ಕೆ ಬಂದ ಮೇಲೆ ಕಾಗಿಣಾ ಆಗುತ್ತದೆ, ಮಳಖೇಡದ ಕೋಟೆಯ ಬದಿಗೆ ಹರಿದು ಭೀಮೆಯನ್ನು ಸೇರುತ್ತದೆ. ಆ ಮಳಖೇಡವೇ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ಆಳಿದ ರಾಜಧಾನಿ, ‘ಕವಿರಾಜಮಾರ್ಗ’ ರೂಪುಗೊಂಡ ಆಸ್ಥಾನ. ಕನ್ನಡದಲ್ಲಿ ಸಿಕ್ಕಿರುವ ಮೊದಲ ಗ್ರಂಥದ ಊರಿಗೆ ನೀರು ಕಳಿಸುವ ಈ ಸೀಮೆಯನ್ನು ನಾನು ಶಾಲೆಯ ಯಾವ ನಕ್ಷೆಯಲ್ಲೂ ಬೆರಳಿಟ್ಟು ನೋಡಿರಲಿಲ್ಲ.

ಗೆಳೆಯನ ಅತ್ತೆ ಬಾಗಿಲಲ್ಲೇ ಕಾಲಿಗೆ ನೀರು ಕೊಟ್ಟರು. ‘ಬಿಸಲಾಗ ಬಂದಿ ತಮ್ಮಾ, ಮೊದಲ ಉಣ್ಣು. ಮಾತು ಎಲ್ಲಿ ಹೋಗ್ತದ?’ ಬಿಸಿ ಜೋಳದ ರೊಟ್ಟಿ, ತೊಗರಿ ಬೇಳೆ ಕೂಡಿಸಿ ಕುದಿಸಿದ ಪುಂಡಿಪಲ್ಯ, ಶೇಂಗಾ ಹಿಂಡಿ, ಮೇಲೆ ಎಣ್ಣೆ, ಕಡೆಗೆ ಮಜ್ಜಿಗೆ. ಅಕ್ಕಿರೊಟ್ಟಿಯ ಸೀಮೆಯಿಂದ ಬಂದ ನನಗೆ ಪುಂಡಿಯ ಹುಳಿ ಮೊದಲ ತುತ್ತಿಗೆ ಹೊಸದೆನಿಸಿತು, ಮೂರನೆಯ ತುತ್ತಿಗೆ ರೂಢಿಯಾಯಿತು. ಬೇಳೆಯ ರುಚಿ ಹೊಗಳಿದಾಗ ಅತ್ತೆ ಹಿಗ್ಗಿದರು. ಆ ಬೇಳೆಗೂ ಒಂದು ಗಡಿಯ ಕತೆ ಇದೆ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು, ತಾಂಡೂರು ತೊಗರಿಗೆ 2022ರಲ್ಲಿ. ಅಕ್ಕಪಕ್ಕದ ಎರೆಹೊಲಗಳ ಕಾಳು ಎರಡು ರಾಜ್ಯಗಳ ಎರಡು ಹೆಸರಿನಲ್ಲಿ ಪೇಟೆಗೆ ಹೋಗುತ್ತದೆ.

ಊಟವಾದ ಮೇಲೆ ಮನೆಯ ಯಜಮಾನರು, ಗೆಳೆಯನ ಮಾವ, ನೆರಳಿಗೆ ಹೊರಸು ಎಳೆದು ಕೂತರು. ಎಪ್ಪತ್ತು ದಾಟಿದವರು. ಯಾವ ಜಿಲ್ಲೆ ಎಂದು ನಾನು ಸುಮ್ಮನೆ ಕೇಳಿದ್ದಕ್ಕೆ ಅವರು ಉದ್ದಕ್ಕೆ ಉತ್ತರ ಕೊಟ್ಟರು. ‘ನಾ ಹುಟ್ಟಿದ್ದು ಗುಲಬರ್ಗಾ ಜಿಲ್ಲಾದಾಗ. ಶಾಲಿಗೆ ಹೋಗೋವಾಗ ಹೈದ್ರಾಬಾದ ಜಿಲ್ಲಾ. ಮದಿವಿ ಆದ ಮ್ಯಾಲ ರಂಗಾರೆಡ್ಡಿ. ಈಗ ವಿಕಾರಾಬಾದ. ಈ ಮನಿ ಬಿಟ್ಟು ಎಲ್ಲೂ ಹೋಗಿಲ್ಲ ನೋಡ್ರಿ.’

ಅವರ ಲೆಕ್ಕ ಸರಿಯಾಗಿತ್ತು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಒಡೆದಾಗ ಗುಲ್ಬರ್ಗಾ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಆದರೆ ಕೊಡಂಗಲ್ ಮತ್ತು ತಾಂಡೂರು ತಾಲೂಕುಗಳನ್ನು ಬಿಟ್ಟು. ಬೀದರಿನ ಕಡೆಯಿಂದ ನಾರಾಯಣಖೇಡ, ಜಹೀರಾಬಾದ್ ಸೀಮೆಯೂ ಹಾಗೆಯೇ ಆಚೆಗೆ ಉಳಿಯಿತು. ಆಮೇಲೆ 1978ರಲ್ಲಿ ರಂಗಾರೆಡ್ಡಿ ಜಿಲ್ಲೆ, 2014ರಲ್ಲಿ ತೆಲಂಗಾಣ, 2016ರಲ್ಲಿ ವಿಕಾರಾಬಾದ್ ಜಿಲ್ಲೆ. ಹೈದರಾಬಾದ್, ಆಂಧ್ರ, ತೆಲಂಗಾಣ ಎಂದು ಮೂರು ರಾಜ್ಯಗಳು, ನಾಲ್ಕು ಜಿಲ್ಲೆಗಳು. ಮನೆ ಒಂದೇ. ಅವರ ದನಿಯಲ್ಲಿ ದೂರು ಇರಲಿಲ್ಲ. ಹೊಲ, ನೆಂಟಸ್ತನ, ಸಂತೆ ಎಲ್ಲ ಎರಡೂ ಕಡೆ ಹಬ್ಬಿಕೊಂಡವರಿಗೆ ಗಡಿ ದಿನವೂ ಸಿಟ್ಟು ಬರಿಸುವ ವಸ್ತುವಾಗಿ ಉಳಿಯುವುದಿಲ್ಲ.

ಆಗಲೇ ಮೊಮ್ಮಗ ಒಳಗಿನಿಂದ ಬಂದ. ತಾಂಡೂರಿನಲ್ಲಿ ಕಾಲೇಜು ಓದುವ ಹುಡುಗ. ಮೈಮೇಲೆ ಬೆಂಗಳೂರಿನ ಐಪಿಎಲ್ ಕ್ರಿಕೆಟ್ ತಂಡ ಆರ್‌ಸಿಬಿಯ ಹಳೆಯ ಕೆಂಪು-ಕಪ್ಪು ಅಂಗಿ, ಬೆನ್ನಿಗೆ ವಿರಾಟ್ ಕೊಹ್ಲಿಯ 18. ಆ ವರ್ಷದ ಮಾರ್ಚಿನಲ್ಲಷ್ಟೇ ತಂಡ ತನ್ನ ಹೆಸರಿನ ‘ಬ್ಯಾಂಗಳೂರ್’ ಅನ್ನು ‘ಬೆಂಗಳೂರು’ ಮಾಡಿಕೊಂಡಿತ್ತು, ಅಂಗಿಯನ್ನೂ ಕೆಂಪು-ನೀಲಿಗೆ ಬದಲಿಸಿತ್ತು. ಹುಡುಗನ ಅಂಗಿ ಅದಕ್ಕಿಂತ ಹಿಂದಿನದು, ಒಗೆದೊಗೆದು ಬಣ್ಣ ಇಳಿದಿತ್ತು. ಅಂದು ಏಪ್ರಿಲ್ 25. ಸಂಜೆಗೆ ಹೈದರಾಬಾದಿನ ಉಪ್ಪಲ್ ಮೈದಾನದಲ್ಲಿ ಅಲ್ಲಿನದೇ ತಂಡ ಸನ್‌ರೈಸರ್ಸ್ ಎದುರು ಆರ್‌ಸಿಬಿ ಆಡುವುದಿತ್ತು.

ಆ ದಿನ ಆ ಅಂಗಿ ತೊಟ್ಟು ತೆಲಂಗಾಣದ ಹಳ್ಳಿಯೊಂದರ ಬೀದಿಗೆ ಇಳಿಯುವುದೆಂದರೇನು ಎಂದು ಕ್ರಿಕೆಟ್ ನೋಡುವವರಿಗೆ ಹೇಳಬೇಕಿಲ್ಲ. ಆರ್‌ಸಿಬಿ ಸತತ ಆರು ಪಂದ್ಯ ಸೋತು ಪಟ್ಟಿಯ ತಳದಲ್ಲಿತ್ತು. ನಾಲ್ಕು ದಿನದ ಹಿಂದೆ ಕೋಲ್ಕತ್ತದಲ್ಲಿ ಸೋತದ್ದು ಒಂದೇ ಒಂದು ರನ್ನಿನಿಂದ. ಅದಕ್ಕೂ ಮುಂಚೆ, ಏಪ್ರಿಲ್ 15ರಂದು, ಇದೇ ಸನ್‌ರೈಸರ್ಸ್ ತಂಡ ಬೆಂಗಳೂರಿಗೇ ಬಂದು 287 ರನ್ ಹೊಡೆದಿತ್ತು. ಐಪಿಎಲ್‌ನಲ್ಲಿ ಅಲ್ಲಿಯವರೆಗೆ ಯಾರೂ ಅಷ್ಟು ಹೊಡೆದಿರಲಿಲ್ಲ. ಹುಡುಗ ಬೀದಿಯಲ್ಲಿ ನಡೆಯುವಾಗ ಯಾರೋ ಕಿರಾಣಿ ಅಂಗಡಿಯ ಒಳಗಿನಿಂದ ಆ ಸಂಖ್ಯೆಯನ್ನು ತೆಲುಗಿನಲ್ಲಿ ಕೂಗಿದರು. ಅವನು ಕೈ ಎತ್ತಿ ನಕ್ಕು ಮುಂದೆ ನಡೆದ.

ಈ ಊರಿನವರಿಗೆ ಆರ್‌ಸಿಬಿಯ ಸೋಲು ಬೇರೆಯವರಿಗಿಂತ ಹೆಚ್ಚು ಹತ್ತಿರದ್ದು. ತಂಡ 2025ಕ್ಕೆ ಮುಂಚೆ ಮೂರು ಸಲ ಫೈನಲ್ ಸೋತಿತ್ತು. 2011ರಲ್ಲಿ ಸೋಲಿಸಿದ್ದು ಚೆನ್ನೈ. ಉಳಿದೆರಡು ಸಲ ಸೋಲಿಸಿದ್ದು ಹೈದರಾಬಾದಿನ ತಂಡಗಳೇ. 2009ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ಅನಿಲ್ ಕುಂಬ್ಳೆ ಗಿಲ್‌ಕ್ರಿಸ್ಟ್‌ರನ್ನು ಸೊನ್ನೆಗೆ ಉರುಳಿಸಿ, 16 ರನ್ನಿಗೆ ನಾಲ್ಕು ವಿಕೆಟ್ ಕಿತ್ತು, ಪಂದ್ಯಶ್ರೇಷ್ಠರೂ ಆದರು. ಆದರೂ ಡೆಕ್ಕನ್ ಚಾರ್ಜರ್ಸ್ ಆರು ರನ್ನಿನಿಂದ ಕಪ್ ಒಯ್ದಿತು. 2016ರಲ್ಲಿ ಚಿನ್ನಸ್ವಾಮಿ ಮೈದಾನದಲ್ಲೇ, 209ರ ಗುರಿಯ ಬೆನ್ನು ಹತ್ತಿ ಗೇಯ್ಲ್ ಮತ್ತು ಕೊಹ್ಲಿ ಮೊದಲ ವಿಕೆಟ್ಟಿಗೆ 114 ಸೇರಿಸಿದ ಮೇಲೂ, ಎಂಟು ರನ್ನಿನಿಂದ ಸೋಲು. ಆ ಸೀಸನ್ನಿನಲ್ಲಿ ಕೊಹ್ಲಿ ಹೊಡೆದದ್ದು 973 ರನ್. ಬೆಂಗಳೂರಿನ ಅಭಿಮಾನಿ ಆ ರಾತ್ರಿ ತನ್ನವರ ನಡುವೆ ಕೂತು ದುಃಖಪಟ್ಟಿದ್ದಾನು. ಯಾಲಾಲಿನ ಅಭಿಮಾನಿ ಪಕ್ಕದ ಮನೆಯ ಪಟಾಕಿ ಕೇಳುತ್ತ ಮಲಗಬೇಕಾಯಿತು.

ಕಿರಾಣಿ ಅಂಗಡಿಯ ಮುಂದೆ ಎರಡು ಗುಂಪು ಕೂಡಿತು. ಅಂಗಡಿಯೊಳಗಿನ ಟಿವಿಯ ಮುಂದೆ ಹೈದರಾಬಾದಿನ ಕಡೆಯವರು, ತೆಲುಗು ವೀಕ್ಷಕ ವಿವರಣೆ. ಹೊರಗಿನ ಪರ್ಸಿ ಕಟ್ಟೆಯ ಮೇಲೆ, ನೀರಿನ ಬಿಂದಿಗೆಗೆ ಆನಿಸಿಟ್ಟ ಒಂದು ಮೊಬೈಲಿನ ಸುತ್ತ, ಆರ್‌ಸಿಬಿಯವರು ಏಳೆಂಟು ಮಂದಿ, ವಿವರಣೆ ಕನ್ನಡದ್ದು. ಮೊಬೈಲಿನ ಆಟ ಟಿವಿಗಿಂತ ಕೆಲವು ಕ್ಷಣ ಹಿಂದೆ ಓಡುತ್ತಿತ್ತು. ಹೀಗಾಗಿ ತಮ್ಮ ತಂಡಕ್ಕೆ ಏನಾಗಲಿದೆ ಎಂಬುದು ಈ ಹುಡುಗರಿಗೆ ಮೊದಲು ತಿಳಿಯುತ್ತಿದ್ದದ್ದು ಒಳಗಿನವರ ಗದ್ದಲದಿಂದ. ಒಳಗೆ ಕೇಕೆ ಎದ್ದರೆ ಇಲ್ಲಿ ವಿಕೆಟ್ ಹೋಯಿತೆಂದೇ ಅರ್ಥ. ಆ ಕೆಲವು ಕ್ಷಣ ಅವರು ತಲೆ ತಗ್ಗಿಸಿ, ಆಗಿಹೋದದ್ದು ತಮ್ಮ ಪರದೆಗೆ ಬರುವುದನ್ನು ಕಾಯುತ್ತಿದ್ದರು. ಯಾರೂ ಎದ್ದು ಹೋಗಲಿಲ್ಲ.

ಹನ್ನೊಂದನೆಯ ಓವರಿನಲ್ಲಿ ಒಳಗಿನ ಗದ್ದಲ ಒಮ್ಮೆಲೇ ನಿಂತಿತು. ಇಲ್ಲಿ ಎಲ್ಲರೂ ಮೊಬೈಲಿಗೆ ಬಾಗಿದರು. ಮಯಾಂಕ್ ಮಾರ್ಕಂಡೆ ಎಸೆತಕ್ಕೆ ರಜತ್ ಪಾಟೀದಾರ್ ಸಿಕ್ಸರ್. ಒಳಗೆ ಇನ್ನೂ ಮೌನ. ಇಲ್ಲಿ ಇನ್ನೊಂದು ಸಿಕ್ಸರ್. ಒಂದರ ಹಿಂದೆ ಒಂದು ನಾಲ್ಕು. ಕಟ್ಟೆಯ ಮೇಲಿನ ಹುಡುಗರು ಬಿಂದಿಗೆ ಉರುಳಿಸಿ ಕುಣಿದರು. 20 ಎಸೆತಕ್ಕೆ 50 ಹೊಡೆದು ಪಾಟೀದಾರ್ ಹೋದ, ಕೊಹ್ಲಿ 51, ಮೊತ್ತ 206. ಹೈದರಾಬಾದ್ ಬ್ಯಾಟಿಗಿಳಿದಾಗ ಮೊದಲ ಓವರಿನಲ್ಲೇ ಟ್ರಾವಿಸ್ ಹೆಡ್ ಔಟ್. ಸ್ವಪ್ನಿಲ್ ಸಿಂಗ್ ಎಂಬ, ಆ ಗುಂಪಿನಲ್ಲಿ ಅರ್ಧ ಜನಕ್ಕೆ ಮುಖವೂ ಪರಿಚಯವಿಲ್ಲದ ಬೌಲರ್ ಒಂದೇ ಓವರಿನಲ್ಲಿ ಮಾರ್ಕ್ರಮ್ ಮತ್ತು ಕ್ಲಾಸೆನ್‌ರನ್ನು ಕಿತ್ತ. ಆರ್‌ಸಿಬಿ 35 ರನ್ನಿನಿಂದ ಗೆದ್ದಿತು. ಒಂದು ತಿಂಗಳ ಮೇಲೆ ಸಿಕ್ಕ ಗೆಲುವು. ಒಳಗಿನಿಂದ ಅಂಗಡಿಯವನೇ ಬಂದು ಎಲ್ಲರಿಗೂ ತಂಪು ಸೋಡಾ ಕೊಟ್ಟ, ದುಡ್ಡು ಮಾತ್ರ ಹುಡುಗರಿಂದಲೇ ತೆಗೆದುಕೊಂಡ.

ಹಿಂದಿರುಗುವಾಗ ನಾನು ಹುಡುಗನನ್ನು ಕೇಳಿದೆ: ಈ ತಂಡದಲ್ಲಿ ಕನ್ನಡದ ಆಟಗಾರರೇ ಬೆರಳೆಣಿಕೆ. ಇವತ್ತು ಗೆಲ್ಲಿಸಿದ ಪಾಟೀದಾರ್ ಇಂದೋರಿನವ, ಕೊಹ್ಲಿ ದಿಲ್ಲಿಯವ. ನೀನು ಬೆಂಗಳೂರು ನೋಡಿಯೂ ಇಲ್ಲ. ಹೈದರಾಬಾದ್ ನಿನ್ನ ರಾಜ್ಯದ ರಾಜಧಾನಿ, ಆ ತಂಡ ಕಪ್ಪನ್ನೂ ಗೆದ್ದಿದೆ. ಯಾಕೆ ಬದಲಿಸಲಿಲ್ಲ?

ಅವನು ಸ್ವಲ್ಪ ದೂರ ಸುಮ್ಮನೆ ನಡೆದ. ‘ಟೀಮ್ ಬದಲ್ ಮಾಡೋದ್ ಹ್ಯಾಂಗ್ರಿ ಕಾಕಾ? ಸೋತಾರಂತ ಬಿಟ್ರ, ಇಷ್ಟ್ ವರ್ಷ ನೋಡಿದ್ದೆಲ್ಲಾ ಯಾರ್ದು?’

ನಾನು ಸಾಗರಕ್ಕೆ ಮರಳಿದ ಮೇಲೂ ಜೊತೆಗೆ ಬಂದದ್ದು ಈ ಪ್ರಶ್ನೆ. ಅಭಿಮಾನದ ಬಗ್ಗೆ ಮನಶ್ಶಾಸ್ತ್ರ ಹೇಳುವುದು ಇದಕ್ಕೆ ಹೊಂದುವುದಿಲ್ಲ. 1976ರಲ್ಲಿ ಪ್ರಕಟವಾದ ಒಂದು ಹೆಸರಾಂತ ಅಧ್ಯಯನದಲ್ಲಿ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು ಅಮೆರಿಕದ ಏಳು ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳ ಉಡುಪನ್ನು ಗಮನಿಸಿದ್ದರು. ಕಾಲೇಜಿನ ಫುಟ್ಬಾಲ್ ತಂಡ ಗೆದ್ದ ನಂತರದ ಸೋಮವಾರಗಳಂದು ಕಾಲೇಜಿನ ಹೆಸರು ಹೊತ್ತ ಅಂಗಿಗಳು ಹೆಚ್ಚು ಕಾಣುತ್ತಿದ್ದವು. ಗೆದ್ದವರ ಬೆಳಕಿನಲ್ಲಿ ನಿಲ್ಲುವ ಆಸೆ ಮನುಷ್ಯನಿಗೆ ಸಹಜ ಎಂಬುದು ಅವರ ತೀರ್ಮಾನ. ಸರಿಯೇ. ಆದರೆ ಯಾಲಾಲಿನ ಹುಡುಗ ಅಂಗಿ ತೊಟ್ಟದ್ದು ಆರು ಸೋಲಿನ ಮೇಲೆ, ಗೆದ್ದು ಗೆದ್ದು ಮೆರೆಯುತ್ತಿದ್ದ ತಂಡದ ಸೀಮೆಯಲ್ಲಿ. ಆ ಅಂಗಿಯಿಂದ ಅವನಿಗೆ ಸಿಕ್ಕದ್ದು ಅಂಗಡಿಯೊಳಗಿನ ಕೂಗು ಮಾತ್ರ.

ಮರುದಿನ ತಾಂಡೂರಿನ ಪಾಲಿಶ್ ಫ್ಯಾಕ್ಟರಿಯೊಂದರಲ್ಲಿ ಅವನ ಅಣ್ಣನನ್ನು ಕಂಡೆ. ಅಲ್ಲೇ ಕಲ್ಲು ಕೊಯ್ಯುವ ಕೆಲಸ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ರೆಪ್ಪೆಯವರೆಗೂ ಬೂದು ಪುಡಿ ಮೆತ್ತಿಕೊಂಡು ನಿಂತಿದ್ದ. 2009ರ ಫೈನಲ್ ಅವನಿಗೆ ಬಾಲ್ಯದ ನೆನಪು. ಆಗ ಅಜ್ಜನೂ ಪಕ್ಕದಲ್ಲಿ ಕೂತು ನೋಡಿದ್ದರಂತೆ, ಕುಂಬ್ಳೆ ಮೇಲಿನ ಪ್ರೀತಿಗೆ. 2016ರದ್ದನ್ನು ಇದೇ ಫ್ಯಾಕ್ಟರಿಯವರ ಜೊತೆ ನೋಡಿದ. 2017ರಲ್ಲಿ ತಂಡ 49ಕ್ಕೆ ಆಲೌಟ್ ಆದ ರಾತ್ರಿ ತಮ್ಮ ಅತ್ತು ಉಣ್ಣದೆ ಮಲಗಿದ್ದ. ಸೋಲುಗಳನ್ನು ಅವನು ಹೇಳುತ್ತ ಹೋದಂತೆ ಒಂದು ಮನೆಯ ಹದಿನೈದು ವರ್ಷದ ಕತೆ ತೆರೆದುಕೊಂಡಿತು: ಯಾವ ಸಲ ಯಾರು ಪಕ್ಕದಲ್ಲಿದ್ದರು, ಯಾವ ವರ್ಷ ಟಿವಿ ಕೊಂಡರು, ಯಾವ ಪಂದ್ಯದ ಹೊತ್ತಿಗೆ ಅಕ್ಕನ ಮದುವೆಯ ಮಾತು ನಡೆದಿತ್ತು. ತಮ್ಮ ನನ್ನನ್ನು ಕೇಳಿದ ಪ್ರಶ್ನೆಗೆ ಉತ್ತರ ಅಲ್ಲಿತ್ತು. ತಂಡವನ್ನು ಬಿಟ್ಟರೆ ಈ ಸಂಜೆಗಳನ್ನು ಕಟ್ಟಿಹಾಕಿದ ದಾರವೇ ಕಡಿಯುತ್ತದೆ.

ಅಮೆರಿಕದ ಬೇಸ್‌ಬಾಲ್ ತಂಡ ಶಿಕಾಗೊ ಕಬ್ಸ್ 1908ರಲ್ಲಿ ಗೆದ್ದು, ಮತ್ತೆ ಗೆದ್ದದ್ದು 2016ರಲ್ಲಿ. 108 ವರ್ಷ. ಆಗ ಅಭಿಮಾನಿಗಳು ರಿಗ್ಲಿ ಮೈದಾನದ ಇಟ್ಟಿಗೆ ಗೋಡೆಗೆ ಬಂದು ಸೀಮೆಸುಣ್ಣದಿಂದ ಹೆಸರುಗಳನ್ನು ಬರೆದರು; ಆಟಗಾರರ ಹೆಸರುಗಳ ಜೊತೆಗೆ, ಕಾಯುತ್ತ ಕಾಯುತ್ತ ತೀರಿಹೋದ ತಮ್ಮ ಅಪ್ಪ, ಅಜ್ಜಿಯರ ಹೆಸರುಗಳನ್ನೂ. ಆ ಗೋಡೆಯ ಚಿತ್ರಗಳನ್ನು ನೋಡಿದಾಗ ನನಗೆ ಯಾಲಾಲಿನ ಮನೆ ಇನ್ನಷ್ಟು ಅರ್ಥವಾಯಿತು. ನಾವು ತಂಡಕ್ಕಾಗಿ ಕಾಯುತ್ತೇವೆ ಎಂದುಕೊಳ್ಳುತ್ತೇವೆ. ನಮ್ಮ ಜೊತೆ ಕಾದವರ ಋಣ ನಮ್ಮನ್ನು ಅಲ್ಲಿ ಕೂರಿಸಿರುತ್ತದೆ.

ಗಡಿಯ ಕನ್ನಡಿಗರಲ್ಲಿ ಈ ಋಣಕ್ಕೆ ಇನ್ನೊಂದು ಪದರವಿದೆ. ಈ ಮಕ್ಕಳು ಓದುವುದು ತೆಲುಗು ಅಥವಾ ಇಂಗ್ಲಿಷ್. ರೇಷನ್ ಕಾರ್ಡು, ಹೊಲದ ಪಹಣಿ, ಬಸ್ಸಿನ ಬೋರ್ಡು ಎಲ್ಲವೂ ಬೇರೊಂದು ಭಾಷೆಯವು. ಆ ಭಾಷೆಯನ್ನು ಅವರು ಪ್ರೀತಿಯಿಂದಲೇ ಆಡುತ್ತಾರೆ, ಗೆಳೆಯರೂ ಅದರಲ್ಲೇ ಇದ್ದಾರೆ. ಆದರೆ ಮನೆಯ ಮಾತಿಗೆ ಹೊಸ್ತಿಲಾಚೆ ಒಂದು ಜಾಗ ಬೇಕಲ್ಲವೇ? ಆ ಸಂಜೆ ಕಟ್ಟೆಯ ಮೇಲಿನ ಮೊಬೈಲಿನಲ್ಲಿ ಕನ್ನಡ ಜೋರಾಗಿ ಕೇಳುತ್ತಿತ್ತು, ಏಳೆಂಟು ಹುಡುಗರು ಅದೇ ಭಾಷೆಯಲ್ಲಿ ಬೈದು, ಹರಕೆ ಹೊತ್ತು, ಕುಣಿಯುತ್ತಿದ್ದರು. ಆ ಜಾಗಕ್ಕೆ ಯಾರ ಅನುಮತಿಯೂ ಬೇಕಿರಲಿಲ್ಲ. ಆ ಜಾಗದ ಬೆಲೆ ಆರು ಸೋಲು ಎಂದಾದರೆ ಅವರು ಕೊಡಲು ಸಿದ್ಧರಿದ್ದರು.

ನಮ್ಮ ಸಾಗರದಲ್ಲಿ ನನಗೆ ಅಂಥ ಬೆಲೆ ಕೊಡುವ ಪ್ರಸಂಗವೇ ಬಂದಿಲ್ಲ. ನಮ್ಮದೇ ಜಿಲ್ಲೆಯ ಭದ್ರಾವತಿಯಲ್ಲಿ ಹುಟ್ಟಿದ ಕ್ರಿಕೆಟಿಗ ಜಿ. ಆರ್. ವಿಶ್ವನಾಥ್ ಹೆಸರು ಕೇಳುತ್ತ ಬೆಳೆದವರು ನಾವು. ಕರ್ನಾಟಕ 1974ರಲ್ಲಿ ಮುಂಬಯಿಯ ಹದಿನೈದು ವರ್ಷದ ಓಟ ಮುರಿದು ಮೊದಲ ರಣಜಿ ಗೆದ್ದ ಕತೆಯನ್ನು ಹಿರಿಯರು ರೇಡಿಯೊ ಸಮೇತ ಹೇಳುತ್ತಿದ್ದರು. ಸುತ್ತಲೂ ನಮ್ಮವರೇ ಇರುವಾಗ ತಂಡವನ್ನು ಪ್ರೀತಿಸುವುದು ಹೊಳೆಯ ಜೊತೆಗೆ ಈಜಿದಷ್ಟು ಸುಲಭ.

ಆ ಗೆಲುವಿನಿಂದ ಶುರುವಾಗಿ ಆರ್‌ಸಿಬಿ ಸತತ ಆರು ಪಂದ್ಯ ಗೆದ್ದು ಪ್ಲೇಆಫ್ ತಲುಪಿತು, ಅಲ್ಲಿ ರಾಜಸ್ಥಾನಕ್ಕೆ ಸೋತಿತು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ, ಹದಿನೆಂಟನೆಯ ಸೀಸನ್ನಿನಲ್ಲಿ, ಪಾಟೀದಾರ್ ನಾಯಕತ್ವದಲ್ಲಿ ಪಂಜಾಬ್ ಎದುರು ಕಪ್ ಗೆದ್ದಿತು. ಅಂತರ ಆರು ರನ್. 2009ರಲ್ಲಿ ಹೈದರಾಬಾದಿಗೆ ಸೋತಷ್ಟೇ. ಮಧ್ಯರಾತ್ರಿ ಯಾಲಾಲಿನಿಂದ ಫೋನ್ ಬಂತು. ಹುಡುಗ ಮಾತಾಡಲಾರದೆ ಫೋನನ್ನು ಅಜ್ಜನ ಕೈಗೆ ಕೊಟ್ಟ. ‘ಗೆದ್ದಾರಂತ್ರಿ. ಓಣಿ ತುಂಬ ಮಂದಿ. ಆ ಅಂಗಡಿಯಂವಾನೂ ಬಂದಾನ, ಬಾಯಾಗ ಸಕ್ರಿ ಹಾಕ್ಯಾನ’ ಎಂದರು ಅವರು.

ಮರುದಿನ ಸಂಜೆ ಚಿನ್ನಸ್ವಾಮಿ ಮೈದಾನದ ಗೇಟುಗಳ ಬಳಿ ಕಾಲ್ತುಳಿತವಾಗಿ ಹನ್ನೊಂದು ಮಂದಿ ಸತ್ತರು. ಹೆಚ್ಚಿನವರು ಎಳೆಯರು, ಶಾಲೆ ಕಾಲೇಜಿನ ಮಕ್ಕಳೂ ಇದ್ದರು. ಈ ಸಲ ನಾನೇ ಫೋನ್ ಮಾಡಿದೆ. ಹುಡುಗ ಬಹಳ ಹೊತ್ತು ಸುಮ್ಮನಿದ್ದು ಹೇಳಿದ: ‘ಅವ್ರೂ ನಮ್ಮಂಗ ಕಾಯ್ದವ್ರೇ ಅಲ್ರಿ ಕಾಕಾ.’

ಹದಿನೇಳು ಸೀಸನ್ನಿನ ಸೋಲನ್ನು ಸಹಿಸಿದ ಜನ ಒಂದು ಗೆಲುವನ್ನು ಕಣ್ಣಾರೆ ನೋಡಲು ಬಂದಾಗ ಅವರಿಗೆ ಸುರಕ್ಷಿತವಾಗಿ ನಿಲ್ಲುವಷ್ಟು ಜಾಗವನ್ನು ನಾವು ಮಾಡಿಕೊಡಲಿಲ್ಲ. ಸಾವಿನ ನಂತರ ಅಭಿಮಾನಿಗಳ ಹುಚ್ಚಿನ ಬಗ್ಗೆ ಹಲವರು ಮಾತಾಡಿದರು. ಅವರಲ್ಲಿ ಯಾರಾದರೂ ಯಾಲಾಲಿನ ಕಟ್ಟೆಯ ಮೇಲೆ ಒಂದು ಸಂಜೆ ಕೂತಿದ್ದರೆ ಆ ಮಾತು ಬಾಯಿಗೆ ಬರುತ್ತಿರಲಿಲ್ಲ ಎಂದು ನಂಬುತ್ತೇನೆ. ಅಲ್ಲಿ ನಾನು ಕಂಡದ್ದು ವರ್ಷಗಟ್ಟಲೆ ಪಳಗಿದ ತಾಳ್ಮೆ, ಗೇಲಿ ಮಾಡಿದವನ ಜೊತೆಗೇ ಸೋಡಾ ಕುಡಿಯುವ ಸೌಜನ್ಯ.

ಈ ನಿಷ್ಠೆ ಏಕಮುಖ ಎಂಬುದು ಅವರಿಗೆ ಗೊತ್ತು. ಬೆಂಗಳೂರಿನ ತಂಡಕ್ಕೆ ಯಾಲಾಲ್ ಎಂಬ ಊರು ಗೊತ್ತಿಲ್ಲ, ಬೆಂಗಳೂರಿನ ಸರ್ಕಾರಕ್ಕೂ ಅದು ನೆನಪಾಗುವುದು ಅಪರೂಪ. ಪ್ರೀತಿಸುವವರು ಅದನ್ನು ಲೆಕ್ಕ ಹಾಕುವುದಿಲ್ಲ. ಪ್ರೀತಿ ಪಡೆದವರು ಹಾಕಲೇಬೇಕು. ತಂಡ ಮತ್ತು ಕ್ರಿಕೆಟ್ಟಿನ ಆಡಳಿತ ತಮ್ಮ ಗೇಟಿಗೆ ಬರುವ ಪ್ರತಿಯೊಬ್ಬ ಹುಡುಗ ಹುಡುಗಿ ಜೀವಂತವಾಗಿ ಮನೆಗೆ ಮರಳುವಂತೆ ನೋಡಿಕೊಳ್ಳುವುದು ಆ ಲೆಕ್ಕದ ಮೊದಲ ಸಾಲು. ತಾಂಡೂರು, ನಾರಾಯಣಖೇಡ, ಜಹೀರಾಬಾದ್ ಸೀಮೆಯ ಮಕ್ಕಳ ಕೈಗೆ ಓದಲು ನಾಲ್ಕು ಕನ್ನಡ ಪುಸ್ತಕ, ಕಲಿಸಲು ಒಬ್ಬ ಮೇಷ್ಟ್ರು ತಲುಪುವಂತೆ ಮಾಡುವುದು ಎರಡನೆಯದು. ಅವರು ನಮ್ಮನ್ನು ಸೋಲಿನಲ್ಲೂ ಬಿಡದೆ ಹಿಡಿದುಕೊಂಡಿದ್ದಾರೆ. ಗೆದ್ದ ಮೇಲಾದರೂ ನಾವು ಅವರ ಕಡೆ ತಿರುಗಿ ನೋಡಬೇಕು.